ಚಿತ್ರ ನೋಡಿ ಹೆಸರಿಡಬಹುದೆ?

ಹೆಸರಿಲ್ಲದ ವಸ್ತುವಿನ ಬಗ್ಗೆ ನಾಲ್ಕು ಜನ ಕೂಡಿ ಮಾತನಾಡುವುದು ಕಷ್ಟ. ತೋಟಕ್ಕೆ ಬಂದ ರೋಗವಿರಲಿ, ಅಂಗಳಕ್ಕೆ ಬಂದ ಹಕ್ಕಿಯಿರಲಿ, ಅದಕ್ಕೊಂದು ಹೆಸರು ಸಿಕ್ಕಿದ ಮೇಲೆಯೇ ಅದರ ಗುಣ, ದೋಷ, ಪರಿಹಾರಗಳ ವಿಚಾರ ಆರಂಭವಾಗುತ್ತದೆ. ಆದ್ದರಿಂದ ಹೆಸರಿಡುವುದು ವಿಜ್ಞಾನದ ಮೊದಲ ಮೆಟ್ಟಿಲು ಎಂದು ಬಲ್ಲವರು ಹೇಳುತ್ತಾರೆ. ಆದರೆ ತಪ್ಪು ಹೆಸರು ಹೆಸರಿಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲುದು. ಹೆಸರು ತಿಳಿಯದಿದ್ದರೆ ನಾವು ಇನ್ನೊಬ್ಬರನ್ನು ಕೇಳುತ್ತೇವೆ. ತಪ್ಪು ಹೆಸರು ಕೈಗೆ ಸಿಕ್ಕಿದರೆ ಕೇಳುವುದನ್ನೇ ನಿಲ್ಲಿಸಿಬಿಡುತ್ತೇವೆ.

ಈಗ ಮನೆಮನೆಯಲ್ಲಿ ಮೊಬೈಲ್ ಫೋನ್ ಇದೆ, ಅದರಲ್ಲಿ ಕ್ಯಾಮೆರಾ ಇದೆ. ಕಂಡ ಕೀಟದ ಚಿತ್ರ ತೆಗೆದು ಫೋನಿಗೇ ತೋರಿಸಿದರೆ ಕ್ಷಣಮಾತ್ರದಲ್ಲಿ ಅದು ಒಂದು ವೈಜ್ಞಾನಿಕ ಹೆಸರನ್ನು ಹೇಳುತ್ತದೆ. ಆ ಹೆಸರನ್ನು ಹಾಗೆಯೇ ಬರೆದುಕೊಂಡು ಪ್ರಾಜೆಕ್ಟ್ ಪುಸ್ತಕ ತುಂಬಿಸುವ ಅಭ್ಯಾಸ ವಿದ್ಯಾರ್ಥಿಗಳಾದ ನಮ್ಮಲ್ಲಿ ಬೆಳೆಯುತ್ತಿದೆ. ಈ ಅಭ್ಯಾಸ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ಪ್ರತಿಯೊಂದು ಹಿತ್ತಿಲಿನಲ್ಲೂ ಇರುವ ಹಣ್ಣುನೊಣವೇ ಸಾಕು.

ಹಣ್ಣುನೊಣ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕುಟುಂಬಗಳ ನೊಣಗಳು ಸೇರಿಕೊಂಡಿವೆ ಎಂಬುದನ್ನು ಮೊದಲು ಗಮನಿಸಬೇಕು. ಕಳಿತ ಬಾಳೆಗೊನೆಯ ಸುತ್ತ ಹಾರಾಡುವ, ಎರಡು ಮೂರು ಮಿಲಿಮೀಟರ್ ಉದ್ದದ ಪುಟ್ಟ ನೊಣ ಒಂದು. ಇದು ಡ್ರೊಸೊಫಿಲ. ಅನುವಂಶೀಯತೆಯ ಪಾಠದಲ್ಲಿ ಬರುವ ಮಾರ್ಗನ್ ಮಹಾಶಯರು 1910ರಲ್ಲಿ ಬಿಳಿಗಣ್ಣಿನ ನೊಣವನ್ನು ಕಂಡದ್ದು ಈ ಕುಟುಂಬದಲ್ಲಿ. ಇದು ಬಹುಮಟ್ಟಿಗೆ ಕೊಳೆಯತೊಡಗಿದ ಹಣ್ಣಿಗೆ ಬರುವಂಥದು. ಇನ್ನೊಂದು ಮನೆನೊಣದಷ್ಟೇ ದೊಡ್ಡದು, ಕಣಜದ ಹುಳದಂತೆ ಹಳದಿ ಕಪ್ಪು ಬಣ್ಣದ್ದು. ಇದು ಬಲಿಯುತ್ತಿರುವ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೊರಗೆ ನೋಡಲು ಚೆಂದವಾಗಿರುವ ಕಾಟುಮಾವಿನ ಹಣ್ಣನ್ನು ಹಿಂಡಿದಾಗ ಬಿಳಿ ಹುಳುಗಳು ಕಾಣಿಸಿಕೊಂಡು, ನೆಲಕ್ಕೆ ಬಿದ್ದೊಡನೆ ಚಿಮ್ಮಿ ಜಿಗಿಯುವುದನ್ನು ಯಾರು ನೋಡಿಲ್ಲ? ಪೇರಳೆ, ಹಾಗಲ, ಮುಳ್ಳುಸೌತೆ, ಪಡುವಲಗಳ ಕಥೆಯೂ ಅದೇ. ಮಲಯಾಳದಲ್ಲಿ ಇದನ್ನು ಕಾಯೀಚ್ಚ ಎನ್ನುತ್ತಾರೆ. ನಾವಿಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಈ ಎರಡನೆಯ ನೊಣದ ವಿಚಾರ.

ಚಿತ್ರದಿಂದ ಏನೂ ತಿಳಿಯುವುದಿಲ್ಲ ಎಂದು ನಾವು ಹೇಳುವುದಿಲ್ಲ. ಒಳ್ಳೆಯ ಚಿತ್ರದಿಂದ ಬಹಳಷ್ಟು ತಿಳಿಯುತ್ತದೆ. ಬಳ್ಳಿತರಕಾರಿಗಳನ್ನು ಕೆಡಿಸುವ ಝ್ಯೂಗೊಡೇಕಸ್ ಕುಕುರ್ಬಿಟೇ ಎಂಬ ನೊಣವನ್ನು ತೆಗೆದುಕೊಳ್ಳಿ. ಅದರ ಮೈ ಕೆಂಪು ಮಿಶ್ರಿತ ಕಂದು. ಬೆನ್ನಿನ ಮೇಲೆ ಮೂರು ಹಳದಿ ಗೆರೆಗಳು, ಬದಿಗಳಲ್ಲಿ ಒಂದೊಂದು, ನಡುವೆ ಒಂದು. ರೆಕ್ಕೆಯ ಮುಂದಿನ ಅಂಚಿನಲ್ಲಿ ಅಗಲವಾದ ಕಂದುಪಟ್ಟಿ, ತುದಿಯಲ್ಲಿ ಅದು ಹಿಗ್ಗಿ ದೊಡ್ಡ ಮಚ್ಚೆಯಾಗುತ್ತದೆ. ಇದಲ್ಲದೆ ರೆಕ್ಕೆಯ ಹಿಂಭಾಗದಲ್ಲಿ ಒಂದು ಅಡ್ಡಪಟ್ಟಿಯೂ ಇದೆ. ಇದರ ದಾಯಾದಿಯಾದ ಝ್ಯೂಗೊಡೇಕಸ್ ಟೌ ಎಂಬ ನೊಣಕ್ಕೂ ಬೆನ್ನಿನ ಮೇಲೆ ಮೂರು ಹಳದಿ ಗೆರೆಗಳಿವೆ, ಅದೂ ಬಳ್ಳಿತರಕಾರಿಗಳಿಗೇ ಬರುತ್ತದೆ. ಆದರೆ ಅದರ ರೆಕ್ಕೆಯಲ್ಲಿ ಆ ಅಡ್ಡಪಟ್ಟಿ ಇಲ್ಲ. ರೆಕ್ಕೆ ಬಿಡಿಸಿದಂತೆ ಸ್ಪಷ್ಟವಾಗಿ ಕಾಣುವ ಚಿತ್ರವಿದ್ದರೆ ಇವೆರಡನ್ನೂ ಬೇರ್ಪಡಿಸಬಹುದು. ರೆಕ್ಕೆ ಮಡಚಿಕೊಂಡ ಚಿತ್ರದಲ್ಲಿ ಕಷ್ಟ.

ಇನ್ನು ಮಾವು, ಪೇರಳೆಗಳಿಗೆ ಬರುವ ಬ್ಯಾಕ್ಟ್ರೋಸೆರಾ ಕುಲದ ನೊಣಗಳು. ಇವುಗಳ ಬೆನ್ನಿನ ನಡುವೆ ಹಳದಿ ಗೆರೆಯಿಲ್ಲ, ಎರಡು ಬದಿಗಳಲ್ಲಿ ಮಾತ್ರ ಇದೆ. ಇವುಗಳಲ್ಲಿ ಡಾರ್ಸಾಲಿಸ್ ಎಂಬುದರ ಬೆನ್ನು ಸಾಮಾನ್ಯವಾಗಿ ಕಪ್ಪು, ರೆಕ್ಕೆಯ ಮುಂದಿನ ಅಂಚಿನಲ್ಲಿ ತೆಳುವಾದ ಕಪ್ಪುಗೆರೆ ತುದಿಯವರೆಗೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಕರೆಕ್ಟಾ ಎಂಬುದರಲ್ಲಿ ಈ ಗೆರೆ ನಡುವೆ ಕಡಿದುಹೋಗಿ, ರೆಕ್ಕೆಯ ತುದಿಯಲ್ಲಿ ಸಣ್ಣ ಮಚ್ಚೆಯೊಂದು ಪ್ರತ್ಯೇಕವಾಗಿ ಉಳಿದಿರುತ್ತದೆ. ಜೊನಾಟಾ ಎಂಬುದರಲ್ಲೂ ಹಾಗೆಯೇ ಮಚ್ಚೆಯಿದೆ, ಆದರೆ ಅದರ ಬೆನ್ನು ಕಪ್ಪಲ್ಲ, ಕೆಂಪು ಕಂದು. ಮುಖವನ್ನು ಎದುರಿನಿಂದ ನೋಡಿದರೆ ಜೊನಾಟಾದಲ್ಲಿ ಎರಡು ಬೇರೆ ಬೇರೆ ಕರಿಚುಕ್ಕೆಗಳು ಕಾಣುತ್ತವೆ. ಕರೆಕ್ಟಾದಲ್ಲಿ ಆ ಚುಕ್ಕೆಗಳು ಅಡ್ಡಕ್ಕೆ ಎಳೆದಂತಿದ್ದು ನಡುವೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರವಾಗುತ್ತವೆ, ಸಣ್ಣ ಮೀಸೆಯಂತೆ. ಬೆನ್ನು, ರೆಕ್ಕೆ, ಮುಖ ಈ ಮೂರನ್ನೂ ತೋರಿಸುವ ಚಿತ್ರಗಳಿದ್ದರೆ ಈ ಮೂರು ನೊಣಗಳನ್ನು ನಮ್ಮಂಥ ಹೈಸ್ಕೂಲ್ ವಿದ್ಯಾರ್ಥಿಗಳೂ ಗುರುತಿಸಬಹುದು. ಆದರೆ ಅಂತರ್ಜಾಲದಲ್ಲಿ ನಾವು ಕಾಣುವ ಚಿತ್ರಗಳಲ್ಲಿ ಹೆಚ್ಚಿನವು ಮೇಲಿನಿಂದ ತೆಗೆದ ಒಂದೇ ಒಂದು ಚಿತ್ರ. ಅದರಲ್ಲಿ ಮುಖವೂ ಕಾಣದು, ಕಾಲೂ ಕಾಣದು.

ಇಷ್ಟು ಸುಲಭವಾದದ್ದು. ಇಲ್ಲಿಂದ ಮುಂದೆ ಹಾದಿ ಕಿರಿದಾಗುತ್ತದೆ. ದಕ್ಷಿಣ ಭಾರತದಲ್ಲಿ ಕ್ಯಾರಿಯೇ ಎಂಬ ಇನ್ನೊಂದು ಪ್ರಭೇದವಿದೆ. ಅದಕ್ಕೂ ಡಾರ್ಸಾಲಿಸ್‌ನಂತೆ ಕರಿಬೆನ್ನು, ಅದಕ್ಕೂ ಮಾವೇ ಪ್ರಿಯ. ತೊಡೆಗಳ ಮೇಲೆ ಕಪ್ಪು ಗುರುತುಗಳಿವೆಯೆ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಬೆನ್ನಿನ ಮೇಲೆ ತೆಗೆದ ಚಿತ್ರದಲ್ಲಿ ತೊಡೆಗಳು ಎಲ್ಲಿ ಕಾಣಬೇಕು? ಬಣ್ಣವನ್ನು ನಂಬಿದರಂತೂ ಮೋಸ ಹೋಗುವುದು ಸುಲಭ. ಕೋಶದಿಂದ ಆಗತಾನೆ ಹೊರಬಂದ ನೊಣ ಮಾಸಲು ಬಣ್ಣದ್ದಾಗಿರುತ್ತದೆ, ನಿಜವಾದ ಬಣ್ಣ ಬರಲು ಕೆಲವು ದಿನ ಬೇಕು. ಸತ್ತು ಬಿದ್ದ ನೊಣದ ಹಳದಿ ಗೆರೆ ಕಂದಾಗುತ್ತದೆ. ಸಂಜೆಯ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕಪ್ಪು ಬೆನ್ನೂ ಕೆಂಪಾಗಿ ಕಾಣಬಹುದು. ಇದೆಲ್ಲ ಸಾಲದೆಂಬಂತೆ ಡಾರ್ಸಾಲಿಸ್ ನೊಣದ ಬೆನ್ನು ಎಲ್ಲ ಕಡೆಯಲ್ಲೂ ಒಂದೇ ಬಣ್ಣದ್ದಲ್ಲ. ಕಡುಕಪ್ಪಿನಿಂದ ಹಿಡಿದು ಕೆಂಗಂದಿನವರೆಗೆ ಅದರಲ್ಲಿ ವ್ಯತ್ಯಾಸವಿದೆ.

ಈ ವ್ಯತ್ಯಾಸ ಪಂಡಿತರನ್ನೂ ಎಷ್ಟು ವರ್ಷ ಕಾಡಿತು ಎಂಬುದು ಸ್ವಾರಸ್ಯವಾದ ಚರಿತ್ರೆ. ಡಾರ್ಸಾಲಿಸ್ ಎಂಬ ಹೆಸರನ್ನು 1912ರಲ್ಲಿ ಹೆಂಡೆಲ್ ಎಂಬವರು ಇಟ್ಟರು. 1994ರಲ್ಲಿ ಡ್ರೂ ಮತ್ತು ಹ್ಯಾನ್‌ಕಾಕ್ ಎಂಬ ಇಬ್ಬರು ವಿದ್ವಾಂಸರು ಏಷ್ಯಾ ಖಂಡದಲ್ಲಿ ಡಾರ್ಸಾಲಿಸ್‌ನ ಹತ್ತಿರದ ಬಂಧುಗಳನ್ನೆಲ್ಲ ಪರೀಕ್ಷಿಸಿ, ಈ ಒಂದು ಗುಂಪಿನಲ್ಲೇ 52 ಪ್ರಭೇದಗಳಿವೆ ಎಂದು ತೋರಿಸಿದರು. ಅವುಗಳಲ್ಲಿ 40 ಅಲ್ಲಿಯವರೆಗೆ ಹೆಸರೇ ಇಲ್ಲದವು. 2003ರಲ್ಲಿ ಆಫ್ರಿಕಾದ ಕೆನ್ಯಾ ದೇಶದಲ್ಲಿ ಇಂಥದೇ ಒಂದು ನೊಣ ಕಾಣಿಸಿಕೊಂಡು ಬೇಗಬೇಗನೆ ಆ ಖಂಡದಲ್ಲೆಲ್ಲ ಹರಡತೊಡಗಿತು. 2005ರಲ್ಲಿ ಅದನ್ನು ಹೊಸ ಪ್ರಭೇದವೆಂದು ತಿಳಿದು ಇನ್ವೇಡೆನ್ಸ್, ಅಂದರೆ ದಾಳಿಕೋರ, ಎಂಬ ಹೆಸರಿಟ್ಟರು. ಮುಂದೆ ಅನೇಕ ದೇಶಗಳ ವಿಜ್ಞಾನಿಗಳು ಸೇರಿ ಅದರ ದೇಹರಚನೆ, ವಂಶವಾಹಿ, ಕೂಡುವಿಕೆ, ಗಂಧ ಎಲ್ಲವನ್ನೂ ಹೋಲಿಸಿ ನೋಡಿದರು. 2015ರಲ್ಲಿ ಅವರು ಕೊಟ್ಟ ತೀರ್ಪು ಏನೆಂದರೆ, ಇನ್ವೇಡೆನ್ಸ್ ಬೇರೆ ನೊಣವಲ್ಲ, ಅದು ಡಾರ್ಸಾಲಿಸ್ಸೇ. ಪಪಾಯೇ ಎಂಬ ಇನ್ನೊಂದು ಹೆಸರೂ ಹಾಗೆಯೇ ಡಾರ್ಸಾಲಿಸ್‌ನಲ್ಲಿ ಲೀನವಾಯಿತು. ಆದರೆ ನಮ್ಮ ದಾರೆಹುಳಿಯ ಇಂಗ್ಲಿಷ್ ಹೆಸರನ್ನು ಹೊತ್ತ ಕ್ಯಾರಂಬೋಲೇ ಮಾತ್ರ ಬೇರೆಯೇ ಪ್ರಭೇದವೆಂದು ಉಳಿದುಕೊಂಡಿತು. ನೊಣವನ್ನು ಕೈಯಲ್ಲಿ ಹಿಡಿದು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದವರಿಗೇ ಹತ್ತು ವರ್ಷ ಬೇಕಾದ ಪ್ರಶ್ನೆಯನ್ನು ಒಂದು ಚಿತ್ರ ನೋಡಿ ಅರೆ ನಿಮಿಷದಲ್ಲಿ ತೀರ್ಮಾನಿಸುತ್ತೇವೆಂದರೆ ಅದನ್ನು ಏನೆನ್ನಬೇಕು?

ಪುಟ್ಟ ಡ್ರೊಸೊಫಿಲದಲ್ಲೂ ಇಂಥದೇ ಪಾಠವಿದೆ. ಅಮೇರಿಕದ ಪ್ರಯೋಗಶಾಲೆಗಳಲ್ಲಿ ವರ್ಷಗಟ್ಟಲೆ ಮೆಲನೊಗ್ಯಾಸ್ಟರ್ ಎಂಬ ನೊಣವನ್ನು ಸಾಕಿ ಸಾವಿರಗಟ್ಟಲೆ ನೋಡಿದ್ದರು. ಅದರ ಜೊತೆಯಲ್ಲಿಯೇ ಬೆರೆತು ಬಾಳುವ ಇನ್ನೊಂದು ಪ್ರಭೇದವಿದೆ ಎಂಬುದು ಹೊರಬಿದ್ದದ್ದು ಕೂಡಿಸಿದಾಗ. ಹುಟ್ಟಿದ ಮರಿಗಳು ಬಂಜೆಯಾದವು. ಮಾರ್ಗನ್ನರ ಶಿಷ್ಯರಾದ ಸ್ಟರ್ಟೆವೆಂಟ್ 1919ರಲ್ಲಿ ಆ ಎರಡನೆಯ ನೊಣಕ್ಕೆ ಸಿಮ್ಯುಲಾನ್ಸ್ ಎಂದು ಹೆಸರಿಟ್ಟರು. ಅನುಕರಿಸುವಂಥದು ಎಂದು ಅದರ ಅರ್ಥ. ಇಂದಿಗೂ ಈ ಎರಡರ ಗಂಡುಗಳನ್ನು ಜನನಾಂಗದ ಒಂದು ಸಣ್ಣ ಭಾಗದ ಆಕಾರದಿಂದ ಗುರುತಿಸುತ್ತಾರೆ. ಹೆಣ್ಣುಗಳ ಚಿತ್ರವನ್ನಷ್ಟೇ ನೋಡಿ ಇದು ಇಂಥದೇ ಎನ್ನುವ ಧೈರ್ಯವನ್ನು ಬಲ್ಲವರು ಮಾಡುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡ್ರೊಸೊಫಿಲ ತಳಿಗಳ ಸಂಗ್ರಹ ಕೇಂದ್ರವೊಂದಿದೆ. ಅಲ್ಲಿ ಪ್ರತಿಯೊಂದು ತಳಿಯನ್ನೂ ಬೇರೆ ಬೇರೆಯಾಗಿ ಜೀವಂತವಾಗಿಯೇ ಕಾಪಾಡುತ್ತಾರೆ. ಚಿತ್ರದ ಆಲ್ಬಮ್ ಒಂದರಿಂದಲೇ ಕೆಲಸವಾಗುವಂತಿದ್ದರೆ ಅಷ್ಟು ಶ್ರಮ ಯಾರಿಗೆ ಬೇಕಿತ್ತು?

ನೊಣದ ಹೆಸರು ಯಾವುದಾದರೇನು, ಹಣ್ಣು ಕೊಳೆಯುವುದು ತಪ್ಪೀತೆ ಎಂದು ಕೆಲವರು ಕೇಳಬಹುದು. ಹೆಸರು ಬೇರೆಯಾದರೆ ಮದ್ದೂ ಬೇರೆಯಾಗುತ್ತದೆ ಎಂಬುದೇ ಇದಕ್ಕೆ ಉತ್ತರ. ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಹಣ್ಣುನೊಣದ ಗಂಡುಗಳು ಮುತ್ತಿಕೊಳ್ಳುವುದನ್ನು ಗಮನಿಸಿ 1912ರಲ್ಲಿ ಬರೆದರು. ಮೂರು ವರ್ಷಗಳ ನಂತರ, 1915ರಲ್ಲಿ, ಹೀಗೆ ಸೆಳೆಯುವ ವಸ್ತು ಮಿಥೈಲ್ ಯೂಜಿನಾಲ್ ಎಂದು ತೋರಿಸಿದರು. ಲೋಕದಲ್ಲೆಲ್ಲ ಮಾವಿನ ತೋಟಗಳಲ್ಲಿ ಇಂದು ತೂಗುಹಾಕುವ ಆಕರ್ಷಕ ಬಲೆಗಳ ಮೂಲ ಈ ಭಾರತದ ನೆಲದ ಸಂಶೋಧನೆಯಲ್ಲಿದೆ ಎಂಬುದು ನಮಗೆ ಹೆಮ್ಮೆಯ ವಿಷಯ. ತುಳಸಿಯಲ್ಲೂ ಈ ವಸ್ತುವಿದೆ. ಕೇರಳದಲ್ಲಿ ಜಜ್ಜಿದ ತುಳಸಿ ಎಲೆಯನ್ನು ತೆಂಗಿನ ಗೆರಟೆಯಲ್ಲಿಟ್ಟು ಮಾವಿನ ಮರಕ್ಕೆ ಕಟ್ಟುವ ತುಳಸಿಕ್ಕೆಣಿ ಎಂಬ ಉಪಾಯ ಬಳಕೆಯಲ್ಲಿರುವುದು ಇದೇ ಕಾರಣದಿಂದ.

ಡಾರ್ಸಾಲಿಸ್, ಕರೆಕ್ಟಾ, ಜೊನಾಟಾ, ಕ್ಯಾರಿಯೇ ಇವೆಲ್ಲ ಮಿಥೈಲ್ ಯೂಜಿನಾಲ್‌ಗೆ ಬರುತ್ತವೆ. ಆದರೆ ಹಾಗಲದ ಚಪ್ಪರದ ಕುಕುರ್ಬಿಟೇ ಮತ್ತು ಟೌ ನೊಣಗಳಿಗೆ ಬೇಕಾದದ್ದು ಕ್ಯೂಲ್ಯೂರ್ ಎಂಬ ಬೇರೆ ವಸ್ತು. ಚಿತ್ರ ನೋಡಿ ತಪ್ಪು ಹೆಸರಿಟ್ಟು ಹಾಗಲದ ಚಪ್ಪರಕ್ಕೆ ಮಾವಿನ ಬಲೆಯನ್ನು ಕಟ್ಟಿದರೆ ಏನಾಗುತ್ತದೆ? ಪಕ್ಕದ ಪೇರಳೆ ಮರದ ನೊಣಗಳು ಬಂದು ಬಲೆಯಲ್ಲಿ ಬೀಳುತ್ತವೆ. ಬಲೆ ತುಂಬಿದ್ದನ್ನು ಕಂಡು ಮನೆಯವರು ಸಂತೋಷಪಡುತ್ತಾರೆ. ಹಾಗಲಕಾಯಿ ಮಾತ್ರ ಮೊದಲಿನಂತೆಯೇ ಕೊಳೆಯುತ್ತಿರುತ್ತದೆ. ಆಗ ಬಲೆಯೇ ನಿಷ್ಪ್ರಯೋಜಕವೆಂದು ಬಿಸಾಡಿ, ವಿಷದ ಡಬ್ಬಿಗೆ ಕೈ ಹಾಕುವವರೇ ಹೆಚ್ಚು. ಒಂದು ಹೆಸರು ತಪ್ಪಿದ್ದರಿಂದ ಊಟದ ತಟ್ಟೆಗೆ ವಿಷ ಬರುವ ದಾರಿ ಇದು.

ಹಾಗೆಂದು ಇಲ್ಲಿ ಎಷ್ಟರಮಟ್ಟಿನ ಹೆಸರು ಸಾಕು ಎಂಬುದನ್ನೂ ಗಮನಿಸಬೇಕು. ಬೆನ್ನಿನ ನಡುವೆ ಹಳದಿ ಗೆರೆಯಿದೆಯೆ ಇಲ್ಲವೆ ಎಂದು ಕಂಡುಕೊಂಡರೆ ಯಾವ ಬಲೆ ಕಟ್ಟಬೇಕೆಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಅಷ್ಟು ಕೆಲಸವನ್ನು ಸಾಧಾರಣ ಚಿತ್ರವೂ ಮಾಡಿಕೊಡುತ್ತದೆ. ಡಾರ್ಸಾಲಿಸ್ಸೋ ಕ್ಯಾರಿಯೇಯೋ ಎಂಬುದನ್ನು ಬಲ್ಲವರಿಗೆ ಬಿಡಬಹುದು. ಆದ್ದರಿಂದ ‘ಬ್ಯಾಕ್ಟ್ರೋಸೆರಾ ಕುಲ, ಪ್ರಭೇದ ತಿಳಿಯದು’ ಎಂದು ಬರೆದವನು ಸೋತವನಲ್ಲ. ಅವನು ಬರೆದದ್ದು ಉಪಯೋಗಕ್ಕೂ ಬರುತ್ತದೆ, ಸತ್ಯವೂ ಆಗಿದೆ.

ಊರಿನ ಮಟ್ಟದಿಂದ ದೇಶದ ಮಟ್ಟಕ್ಕೆ ಹೋದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಣ್ಣುನೊಣದ ಭಯದಿಂದ ಜಪಾನ್ ದೇಶ 1986ರಲ್ಲಿ ಭಾರತದ ಮಾವನ್ನು ತಡೆಯಿತು. ಆ ಬಾಗಿಲು ಮತ್ತೆ ತೆರೆಯಲು 2006ರವರೆಗೆ ಕಾಯಬೇಕಾಯಿತು. 2014ರ ಮೇ 1ರಿಂದ ಯುರೋಪಿಯನ್ ಒಕ್ಕೂಟ ನಮ್ಮ ಮಾವಿನ ಜೊತೆಗೆ ಹಾಗಲ, ಪಡುವಲ, ಬದನೆ, ಕೆಸುಗಳನ್ನೂ ತಡೆಯಿತು. ಸರಕಿನಲ್ಲಿ ಹಣ್ಣುನೊಣವೇ ಮೊದಲಾದ ಕೀಟಗಳು ಸಿಕ್ಕಿದ್ದು ಅದಕ್ಕೆ ಕಾರಣ. ಮಾವಿನ ಮೇಲಿನ ತಡೆಯನ್ನು 2015ರಲ್ಲಿ ತೆಗೆದರು. ಯಾವ ದೇಶದಲ್ಲಿ ಯಾವ ನೊಣವಿದೆ, ಯಾವುದು ಇಲ್ಲ ಎಂಬ ಪಟ್ಟಿಯ ಮೇಲೆ ಇಂದು ಹಣ್ಣಿನ ವ್ಯಾಪಾರ ನಿಂತಿದೆ. ಆ ಪಟ್ಟಿಗೆ ಊಹೆಯಿಂದ ಒಂದು ಹೆಸರು ಸೇರಿದರೆ ಅದರ ಭಾರವನ್ನು ಹೊರಬೇಕಾದವರು ಬೆಳೆಗಾರರು.

ಇನ್ನು ಫೋನು ಹೇಳುವ ಹೆಸರಿನ ವಿಚಾರ. ಯಂತ್ರಕ್ಕೆ ಸ್ವಂತ ಕಣ್ಣಿಲ್ಲ. ಜನರು ಹೆಸರಿಟ್ಟು ಸೇರಿಸಿದ ಲಕ್ಷಗಟ್ಟಲೆ ಚಿತ್ರಗಳನ್ನು ಅದಕ್ಕೆ ಕಲಿಸಿರುತ್ತಾರೆ. ಹೊಸ ಚಿತ್ರ ಕಂಡಾಗ ಅದು ಯಾವುದನ್ನು ಹೆಚ್ಚು ಹೋಲುತ್ತದೆ ಎಂದು ಲೆಕ್ಕಹಾಕಿ ಹೇಳುತ್ತದೆ. ಮೊದಲು ಹೆಸರಿಟ್ಟವರು ತಪ್ಪಿದ್ದರೆ ಯಂತ್ರವೂ ಅದೇ ತಪ್ಪನ್ನು ಗಿಳಿಪಾಠದಂತೆ ಒಪ್ಪಿಸುತ್ತದೆ. ಎಲ್ಲರೂ ಡಾರ್ಸಾಲಿಸ್ ಎಂದೇ ಬರೆದಿದ್ದರೆ ಅದಕ್ಕೂ ಎಲ್ಲವೂ ಡಾರ್ಸಾಲಿಸ್ಸೇ. ಅದರ ಮಾತನ್ನು ನಂಬಿ ನಾವು ಮತ್ತೊಂದು ಚಿತ್ರಕ್ಕೆ ಅದೇ ಹೆಸರು ಕೊಟ್ಟರೆ ತಪ್ಪಿಗೆ ಮತ್ತೊಂದು ಸಾಕ್ಷಿ ಹುಟ್ಟಿದಂತಾಯಿತು. ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಪ್ರಭೇದದ ಹೆಸರನ್ನೇ ಕೊಡಬೇಕೆಂಬ ಕಡ್ಡಾಯವಿಲ್ಲ. ಕುಲದವರೆಗೆ ಅಥವಾ ಕುಟುಂಬದವರೆಗೆ ಹೇಳಿ ನಿಲ್ಲಿಸುವ ಅವಕಾಶ ಅಲ್ಲಿಯೂ ಇದೆ. ಆ ಅವಕಾಶವನ್ನು ಬಳಸಿಕೊಳ್ಳದಿರುವುದು ಯಂತ್ರದ ದೋಷವಲ್ಲ, ನಮ್ಮ ಅವಸರದ ದೋಷ.

ಹಾಗಾದರೆ ಚಿತ್ರ ತೆಗೆಯುವುದನ್ನೇ ಬಿಡಬೇಕೆ? ಖಂಡಿತ ಬೇಡ. ಜೀವಂತ ನೊಣದ ನಿಜವಾದ ಬಣ್ಣ ಚಿತ್ರದಲ್ಲಿ ಉಳಿಯುವಷ್ಟು ಚೆನ್ನಾಗಿ ಒಣಗಿಸಿಟ್ಟ ನೊಣದಲ್ಲಿ ಉಳಿಯುವುದಿಲ್ಲ. ಎಲ್ಲಿ, ಯಾವ ದಿನ, ಯಾವ ಗಿಡದ ಮೇಲೆ ಎಂಬುದೂ ಚಿತ್ರದೊಡನೆ ದಾಖಲಾಗುತ್ತದೆ. ಹಳ್ಳಿಯ ಹುಡುಗನೊಬ್ಬ ತೆಗೆದ ಚಿತ್ರವನ್ನು ಬೆಂಗಳೂರಿನ ವಿಜ್ಞಾನಿ ನೋಡುವಂತಾದದ್ದು ಸಣ್ಣ ಉಪಕಾರವಲ್ಲ. ಚಿತ್ರವನ್ನು ಸಾಕ್ಷಿಯ ಸ್ಥಾನದಲ್ಲಿ ಕೂರಿಸಬೇಕು, ನ್ಯಾಯಾಧೀಶನ ಸ್ಥಾನದಲ್ಲಿ ಕೂರಿಸಬಾರದು ಎಂಬುದಷ್ಟೇ ನಮ್ಮ ವಾದ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ ಗಾದೆ ಈ ಫೋನಿನ ಕಾಲಕ್ಕೆ ಇನ್ನಷ್ಟು ಹೊಂದುತ್ತದೆ. ಪ್ರತ್ಯಕ್ಷ ಕಂಡದ್ದನ್ನೇ ಪ್ರಮಾಣಿಸಬೇಕಾದರೆ, ಚಿತ್ರದಲ್ಲಿ ಕಂಡದ್ದನ್ನು ಬಿಡಲಾದೀತೆ?

ಪ್ರಮಾಣಿಸುವುದಕ್ಕೆ ವಸ್ತು ಬೇಕು. 1975ರಲ್ಲಿ ದಕ್ಷಿಣ ಅಮೇರಿಕದ ಸೂರಿನಾಮ್ ದೇಶದಲ್ಲಿ ಒಂದು ಹಣ್ಣುನೊಣವನ್ನು ಹಿಡಿದರು. ಅದು ಹೊರಗಿನಿಂದ ಬಂದ ನೊಣವೆಂದು ತಿಳಿದದ್ದು 1986ರಲ್ಲಿ, ನೊಣಗಳನ್ನು ತಜ್ಞರು ಪರೀಕ್ಷಿಸಿದಾಗ. ಆಗ ಅವರು ಅದನ್ನು ಡಾರ್ಸಾಲಿಸ್ ಎಂದರು. 1994ರಲ್ಲಿ ಕ್ಯಾರಂಬೋಲೇ ಎಂಬ ಪ್ರಭೇದಕ್ಕೆ ಹೆಸರು ಬಂದ ಮೇಲೆ ಸೂರಿನಾಮ್‌ನ ನೊಣ ಇದೇ ಎಂದು ಖಚಿತವಾಯಿತು. ಹೆಸರು ಎರಡು ಬಾರಿ ಬದಲಾದರೂ ನೊಣ ಬದಲಾಗಲಿಲ್ಲ. ಅದನ್ನು ಜೋಪಾನವಾಗಿ ತೆಗೆದಿಟ್ಟಿದ್ದರಿಂದಲೇ ಪ್ರಶ್ನೆಯನ್ನು ಮತ್ತೆ ಕೇಳಲು ಸಾಧ್ಯವಾಯಿತು. ನಮ್ಮ ಹಳೆಯ ಪುಸ್ತಕಗಳಲ್ಲಿ ಈ ನೊಣಗಳಿಗೆಲ್ಲ ಡೇಕಸ್ ಎಂಬ ಕುಲನಾಮವಿದೆ. ಬಳ್ಳಿತರಕಾರಿಯ ನೊಣವನ್ನು ಝ್ಯೂಗೊಡೇಕಸ್ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ್ದು 2015ರಲ್ಲಿ. ಹೆಸರು ಬದಲಾಗುವುದು ವಿಜ್ಞಾನದ ದೌರ್ಬಲ್ಯವಲ್ಲ. ಬದಲಾಯಿಸಬೇಕಾದಾಗ ತಿರುಗಿ ನೋಡಲು ಏನೂ ಉಳಿಯದಂತೆ ಮಾಡುವುದು ದೌರ್ಬಲ್ಯ.

ಈ ದೃಷ್ಟಿಯಿಂದ ನಮ್ಮ ಶಾಲೆಗಳ ವಿಜ್ಞಾನ ಸಂಘಗಳು ಕೆಲವು ನಿಯಮಗಳನ್ನು ಹಾಕಿಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಮೊದಲನೆಯದಾಗಿ, ಒಂದು ನೊಣಕ್ಕೆ ಒಂದೇ ಚಿತ್ರ ಸಾಲದು. ಬೆನ್ನು, ಮುಖ, ಪಕ್ಕ, ರೆಕ್ಕೆ ಈ ನಾಲ್ಕೂ ಬೇಕು. ಪಕ್ಕದ ಚಿತ್ರದಲ್ಲಿ ಕಾಲುಗಳು ಕಾಣಬೇಕು. ಅಳತೆಗಾಗಿ ಹತ್ತಿರ ಒಂದು ಸ್ಕೇಲನ್ನಿಡಬೇಕು. ಎರಡನೆಯದಾಗಿ, ನೊಣ ಕುಳಿತ ಗಿಡವನ್ನು ಬರೆದಿಡಬೇಕು, ಆದರೆ ಗಿಡ ನೋಡಿ ನೊಣದ ಹೆಸರಿಡಬಾರದು. ಪೇರಳೆ ಮರವೊಂದಕ್ಕೇ ಮೂರು ನಾಲ್ಕು ಪ್ರಭೇದಗಳು ಬರುತ್ತವೆ. ಎಲೆಯ ಮೇಲೆ ಸುಮ್ಮನೆ ವಿಶ್ರಮಿಸಲು ಬಂದ ನೊಣ ಆ ಗಿಡದ ಶತ್ರುವೇ ಆಗಬೇಕೆಂದಿಲ್ಲ. ಮೂರನೆಯದಾಗಿ, ಯಾವ ಗುರುತಿನಿಂದ ಆ ಹೆಸರು ಕೊಟ್ಟೆವು ಎಂಬುದನ್ನು ಹೆಸರಿನ ಕೆಳಗೆ ಒಂದು ವಾಕ್ಯದಲ್ಲಿ ಬರೆಯಬೇಕು. ‘ಫೋನು ಹೇಳಿತು’ ಎಂಬುದು ಗುರುತಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹುಳು ಬಿದ್ದ ಹಣ್ಣಿನಿಂದಲೇ ನೊಣವನ್ನು ಹೊರಡಿಸಿ ನೋಡಬೇಕು. ಅದಕ್ಕೆ ಖರ್ಚೇನೂ ಇಲ್ಲ. ಅಗಲ ಬಾಯಿಯ ಭರಣಿಯ ತಳದಲ್ಲಿ ಎರಡು ಅಂಗುಲ ಒಣ ಹೊಯ್ಗೆ ಹಾಕಿ, ಮೇಲೆ ಹಣ್ಣನ್ನಿಟ್ಟು, ಬಾಯಿಗೆ ತೆಳು ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು. ಬಲಿತ ಹುಳುಗಳು ಹಣ್ಣಿನಿಂದ ಜಿಗಿದು ಹೊಯ್ಗೆಯೊಳಗೆ ಸೇರಿ, ಭತ್ತದ ಕಾಳಿನಂಥ ಕೋಶಗಳಾಗುತ್ತವೆ. ವಾರ ಹತ್ತು ದಿನಗಳಲ್ಲಿ ನೊಣಗಳು ಹೊರಬರುತ್ತವೆ. ಕೂಡಲೇ ಕೊಲ್ಲದೆ, ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯನ್ನಿಟ್ಟು ನಾಲ್ಕೈದು ದಿನ ಸಾಕಿದರೆ ನಿಜವಾದ ಬಣ್ಣ ಮೂಡುತ್ತದೆ. ಆಮೇಲೆ ಕೆಲವನ್ನು ಒಣಗಿಸಿ ಸೂಜಿಗೆ ಚುಚ್ಚಿ, ಕೆಲವನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಊರು, ತಾರೀಕು, ಹಣ್ಣು, ಸಂಗ್ರಹಿಸಿದವರ ಹೆಸರುಳ್ಳ ಚೀಟಿಯನ್ನು ಜೊತೆಗಿಡಬೇಕು. ಭರಣಿಯ ನೊಣಗಳನ್ನು ಹೊರಗೆ ಬಿಡಬಾರದು, ಉಳಿದ ಹಣ್ಣನ್ನು ಆಳವಾಗಿ ಹೂಳಬೇಕು. ಹೀಗೆ ಮಾಡಿದರೆ ಈ ಹಣ್ಣಿನಲ್ಲಿ ಈ ನೊಣ ಬೆಳೆಯಿತು ಎಂಬುದಕ್ಕೆ ಯಾರೂ ಅಲ್ಲಗಳೆಯಲಾಗದ ಪ್ರಮಾಣ ದೊರೆಯುತ್ತದೆ. ಪ್ರಭೇದದ ನಿರ್ಣಯವನ್ನು ಬಲ್ಲವರಿಂದ ಪಡೆಯೋಣ. ಬೆಂಗಳೂರಿನಲ್ಲಿ ಕೃಷಿ ಕೀಟಗಳ ಸಂಗ್ರಹಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ.

ಐದನೆಯ ಮಾತು ನಮ್ಮ ಗುರುವರ್ಯರಲ್ಲಿ ಮತ್ತು ಶಾಸ್ತ್ರಮೇಳದ ತೀರ್ಪುಗಾರರಲ್ಲಿ ವಿನಂತಿ. ಉದ್ದುದ್ದದ ಲ್ಯಾಟಿನ್ ಹೆಸರುಗಳಿಂದ ತುಂಬಿದ ಚಾರ್ಟಿಗೆ ಹೆಚ್ಚು ಅಂಕ, ‘ಇಲ್ಲಿಯವರೆಗೆ ತಿಳಿದಿದೆ, ಮುಂದೆ ತಿಳಿಯದು’ ಎಂದು ಬರೆದ ಚಾರ್ಟಿಗೆ ಕಡಿಮೆ ಅಂಕ ಎಂದಾದರೆ ನಾವೆಲ್ಲ ಮೊದಲನೆಯ ದಾರಿಯನ್ನೇ ಹಿಡಿಯುತ್ತೇವೆ. ಅಂಕ ಎಲ್ಲಿದೆಯೋ ವಿದ್ಯಾರ್ಥಿ ಅಲ್ಲಿ. ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದಕ್ಕೂ, ನಿಲ್ಲಿಸಿದ ಕಾರಣವನ್ನು ಹೇಳಿದ್ದಕ್ಕೂ ಅಂಕ ಕೊಡುವಂತಾದರೆ ಒಂದೇ ವರ್ಷದಲ್ಲಿ ನಮ್ಮ ಪ್ರಾಜೆಕ್ಟುಗಳ ಮುಖವೇ ಬದಲಾದೀತು. ಊಹೆಯನ್ನು ಉತ್ತರವೆಂದು ಬರೆಯುವ ಚಾಳಿ ಶಾಲೆಯಲ್ಲಿಯೇ ಹೋಗದಿದ್ದರೆ ಮುಂದೆ ಔಷಧದಂಗಡಿಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಅದರ ಫಲವನ್ನು ಸಮಾಜ ಉಣ್ಣಬೇಕಾಗುತ್ತದೆ.

ಕೊನೆಯದಾಗಿ ಗಡಿನಾಡಿನವರಾದ ನಮಗೇ ಸಂಬಂಧಿಸಿದ ಒಂದು ಮಾತು. ನಮ್ಮ ಮನೆಗಳಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಮಾತುಗಳು ಒಂದರ ಪಕ್ಕ ಒಂದು ಬಾಳುತ್ತಿವೆ. ಒಂದೇ ವಸ್ತುವಿಗೆ ಹಲವು ಹೆಸರಿರಬಹುದು, ಒಂದೇ ಹೆಸರಿನಡಿಯಲ್ಲಿ ಹಲವು ವಸ್ತುಗಳಿರಬಹುದು ಎಂಬುದು ನಮಗೆ ಚಿಕ್ಕಂದಿನಿಂದಲೇ ಗೊತ್ತು. ಮಾತಿನಲ್ಲಿ ನಾವು ದಿನವೂ ತೋರುವ ಈ ಎಚ್ಚರವನ್ನು ನೊಣದ ವಿಷಯದಲ್ಲೂ ತೋರಿದರೆ ಸಾಕು. ಕೃಷಿಭವನದ ತಿಳುವಳಿಕೆ ಪತ್ರ ಮಲಯಾಳದಲ್ಲಿದ್ದರೆ ಅದನ್ನು ಓದಿ ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿಕೊಡುವವರು ಬಹುಶಃ ನಾವೇ. ಅಲ್ಲಿ ಕಾಯೀಚ್ಚ ಎಂದಿದ್ದರೆ ಅದು ಮಾವಿನದೋ ಹಾಗಲದ್ದೋ ಎಂದು ಕೇಳಿ ತಿಳಿದು ಹೇಳುವ ಹೊಣೆಯೂ ನಮ್ಮದೇ. ಆ ಹೊಣೆಯನ್ನು ಹೊರಬೇಕಾದರೆ ನಮ್ಮ ಊರಿನ ನೊಣಗಳ ವಿವರವನ್ನು ನಮ್ಮ ನುಡಿಯಲ್ಲಿ, ನಮ್ಮ ಕಣ್ಣಿನಿಂದ ನೋಡಿ ಬರೆದ ಪುಸ್ತಕವೊಂದು ಶಾಲೆಯಲ್ಲಿರಬೇಕು. ಪ್ರತಿವರ್ಷದ ವಿದ್ಯಾರ್ಥಿಗಳು ಅದಕ್ಕೆ ನಾಲ್ಕು ಪುಟ ಸೇರಿಸುತ್ತ ಹೋಗಬೇಕು. ಅದರಲ್ಲಿ ಕೆಲವು ಪುಟಗಳ ಮೇಲೆ ಪ್ರಭೇದದ ಹೆಸರಿನ ಜಾಗ ಖಾಲಿಯಿದ್ದರೂ ನಾಚಿಕೆಯಿಲ್ಲ. ನಮ್ಮ ನಂತರ ಬರುವ ತಮ್ಮ ತಂಗಿಯರು ಒಂದು ದಿನ, ಪೆಟ್ಟಿಗೆಯಲ್ಲಿ ನಾವಿಟ್ಟ ನೊಣವನ್ನು ಭೂತಗನ್ನಡಿಯಡಿಯಲ್ಲಿ ಹಿಡಿದು, ಆ ಖಾಲಿ ಜಾಗವನ್ನು ತುಂಬಿಸುವಂತಾಗಲಿ.